ಅಲ್ಲಿ ಒಂದು ವರ್ಷಕ್ಕೆ ಅತ್ತವರು, ಇಲ್ಲಿ ಹತ್ತು ವರ್ಷ

ಬೇಲಿಯ ತಂತಿ ಬಿಗಿಯಲು ಹೋಗಿ ಹೆಬ್ಬೆರಳ ಬುಡದಲ್ಲಿ ಕುಯ್ದುಕೊಂಡೆ. ಆಸ್ಟ್ರೇಲಿಯಾದ ಪಶ್ಚಿಮ ಕ್ವೀನ್ಸ್‌ಲ್ಯಾಂಡಿನ ಈ ಪುಟ್ಟ ಊರಿನಲ್ಲಿ ಇರುವುದು ಒಂದೇ ಕ್ಲಿನಿಕ್. ಬಟ್ಟೆ ಸುತ್ತಿಕೊಂಡು ಹೋದೆ. ಡಾಕ್ಟರಮ್ಮ ಪರದೆಯ ಮೇಲೆ ನನ್ನ ಹೆಸರನ್ನು ಎರಡು ಸಲ ಓದಿದರು. ಆಮೇಲೆ ಇಂಗ್ಲಿಷ್ ಬಿಟ್ಟು, “ಯಾವೂರ್ರೀ ನಿಮ್ದು?” ಅಂದರು.

ನಾಲ್ಕು ಹೊಲಿಗೆ ಬಿದ್ದದ್ದು ಗೊತ್ತೇ ಆಗಲಿಲ್ಲ.

ನನ್ನದು ಯಾದಗಿರಿ ಜಿಲ್ಲೆ, ಅವರದು ಕಲಬುರಗಿ. ಸರ್ಕಾರಿ ಸೀಟಿನಲ್ಲಿ ಎಂಬಿಬಿಎಸ್ ಓದಿದವರು. ಕಡ್ಡಾಯ ಗ್ರಾಮೀಣ ಸೇವೆ ಅಂತ ಒಂದು ವರ್ಷ ನಮ್ಮ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ (ಪಿಎಚ್‌ಸಿ) ಇದ್ದರಂತೆ. “ಆರ್ಡರ್ ಬಂದ ದಿವಸ ಅತ್ತಿದ್ದೆ ನೋಡ್ರಿ, ಬರೇ ಒಂದು ವರ್ಷಕ್ಕ. ಇಲ್ಲಿ ಹತ್ತು ವರ್ಷ ಅಂದ್ರು, ಹೂಂ ಅಂತ ಬಂದೆ.” ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಯಾಕೆಂದರೆ ನಮ್ಮೂರಿನ ಪಿಎಚ್‌ಸಿಗೆ ನಾನು ಕೊನೆಯ ಸಲ ಹೋದಾಗ ಡಾಕ್ಟರ ಕುರ್ಚಿ ಖಾಲಿ ಇತ್ತು. ಅಪ್ಪನಿಗೆ ಮೂರು ದಿನದಿಂದ ಜ್ವರ. ಫಾರ್ಮಸಿಸ್ಟ್ ಮಾತ್ರೆ ಕೊಟ್ಟು, “ಜಿಲ್ಲಾ ಆಸ್ಪತ್ರೆಗೆ ಹೋಗ್ರಿ” ಅಂದ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪಿಎಚ್‌ಸಿ ಅನ್ನುವುದು ಲೆಕ್ಕ. ಆ ಲೆಕ್ಕದಲ್ಲಿ ಕಟ್ಟಡ ಇದೆ, ಬೋರ್ಡ್ ಇದೆ, ಬಣ್ಣ ಕೂಡ ಹೊಸದು. ಕೊನೆಗೆ ಅಪ್ಪ ಟಂಟಂ ಹತ್ತಿಕೊಂಡು ಡಿಗ್ರಿಯಿಲ್ಲದ ಆರೆಂಪಿ ಡಾಕ್ಟರ್ ಹತ್ತಿರ ಹೋಗಿ ಸೂಜಿ ಮಾಡಿಸಿಕೊಂಡು ಬಂದರು.

ಆಸ್ಟ್ರೇಲಿಯಾದ ಆ ಹತ್ತು ವರ್ಷದ ಕಥೆ ಏನು ಅಂದರೆ, ಹೊರದೇಶದಲ್ಲಿ ಓದಿ ಬಂದ ಡಾಕ್ಟರುಗಳಿಗೆ ಇಲ್ಲಿ ಮೆಡಿಕೇರ್ ಪ್ರೊವೈಡರ್ ನಂಬರ್, ಅಂದರೆ ರೋಗಿಯ ಖರ್ಚಿಗೆ ಸರ್ಕಾರಿ ವಿಮೆಯ ದುಡ್ಡು ಸಿಗಲು ಡಾಕ್ಟರಿಗೆ ಬೇಕಾದ ನಂಬರ್, ಸುಮ್ನೆ ಸಿಗುವುದಿಲ್ಲ. ಡಾಕ್ಟರುಗಳ ಕೊರತೆ ಇರುವ ಕಡೆ ಕೆಲಸ ಮಾಡಿದರೆ ಮಾತ್ರ ಸಿಗುತ್ತದೆ. ಅದಕ್ಕೆ ಹತ್ತು ವರ್ಷದ ಗಡುವು. ದೂರದ ಊರಿಗೆ ಹೋದಷ್ಟೂ ಗಡುವು ಕಡಿಮೆಯಾಗುತ್ತದೆ, ಪ್ರೋತ್ಸಾಹಧನ ಜಾಸ್ತಿಯಾಗುತ್ತದೆ. ನಮ್ಮಲ್ಲೂ ಕಾಯ್ದೆ ಇದೆಯಲ್ಲ, 2012ರದ್ದು. ಓದು ಮುಗಿಸಿದವರು ಒಂದು ವರ್ಷ ಸೇವೆ ಮಾಡಬೇಕು ಅಂತ. ಕೋರ್ಟು ಕಚೇರಿ ಎಲ್ಲ ಸುತ್ತಿ, 2023ರಲ್ಲಿ ತಿದ್ದುಪಡಿಯಾಗಿ, ಖಾಲಿ ಹುದ್ದೆ ಇದ್ದಷ್ಟು ಜನಕ್ಕೆ ಮಾತ್ರ ಅನ್ನುವಲ್ಲಿಗೆ ಬಂತು.

ಹಾಗಾದರೆ ದುಡ್ಡಿಗಾಗಿ ಬಂದರಾ? ನಾನೂ ಹಾಗೇ ಅಂದುಕೊಂಡೆ. ಹೊಲಿಗೆ ಬಿಚ್ಚಿಸಲು ಹೋದ ದಿನ ಕೇಳಿಯೂ ಬಿಟ್ಟೆ. ಅವರು ಸಂಬಳದ ಮಾತೇ ಆಡಲಿಲ್ಲ. ಒಂದು ರಾತ್ರಿಯ ಕಥೆ ಹೇಳಿದರು.

ತೊಗರಿ ಹೊಲದಲ್ಲಿ ಹಾವು ಕಚ್ಚಿದ ಹುಡುಗ. ಔಷಧಿ ಇತ್ತು. ಆದರೆ ನರ್ಸ್ ರಜೆಯಲ್ಲಿದ್ದರು. ಹುಡುಗನ ರೆಪ್ಪೆ ಜೋತುಬೀಳುತ್ತಿತ್ತು, ಉಸಿರು ಸಣ್ಣಗಾಗುತ್ತಿತ್ತು. ಇವರಿಗೆ ಇಪ್ಪತ್ನಾಲ್ಕು ವರ್ಷ. ಬಾಗಿಲಲ್ಲಿ ನಲವತ್ತು ಜನ. ಓದುವಾಗ ಇಂಥ ಕೇಸು ನೋಡಿದ್ದರು, ಆದರೆ ಆಗ ಪಕ್ಕದಲ್ಲಿ ಪ್ರೊಫೆಸರ್ ಇದ್ದರು. ಇಲ್ಲಿ ಯಾರನ್ನು ಕೇಳುವುದು? ಗೊತ್ತಿದ್ದ ಸೀನಿಯರ್ ಒಬ್ಬರಿಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಔಷಧಿ ಏರಿಸಿ, 108 ಬರುವ ತನಕ ಉಸಿರು ಕೊಡುವ ಬ್ಯಾಗನ್ನು ಕೈಯಲ್ಲೇ ಒತ್ತುತ್ತಾ ಕೂತರು. ಹುಡುಗ ಉಳಿದ. ಆದರೂ ಗುಂಪಿನಲ್ಲಿ ಯಾರೋ, “ಈಕಿಗೆ ಏನೂ ಬರಂಗಿಲ್ಲ” ಅಂದದ್ದು ಅವರ ಕಿವಿಯಿಂದ ಇನ್ನೂ ಹೋಗಿಲ್ಲ. ಕ್ವಾರ್ಟರ್ಸಿಗೆ ಹೋದರೆ ಅದು ಸೋರುತ್ತಿತ್ತು. ಆ ರಾತ್ರಿ ಹೊಂಟುಬಿಡಬೇಕು ಅನ್ನಿಸಿತಂತೆ.

“ಇಲ್ಲೂ ರಾತ್ರಿ ನಾನೊಬ್ಬಾಕಿನೇ ಡಾಕ್ಟರ್ ಇರ್ತೀನ್ರಿ. ಆದ್ರ ಒಬ್ಬಾಕಿ ಅನ್ಸಂಗಿಲ್ಲ.”

ಈ ಮಾತನ್ನು ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಪುಟ್ಟ ಆಸ್ಪತ್ರೆಯಲ್ಲಿ ತುರ್ತು ಹಾಸಿಗೆಯ ಮೇಲೊಂದು ಕ್ಯಾಮೆರಾ ಇದೆ. ಗುಂಡಿ ಒತ್ತಿದರೆ ಎಲ್ಲೋ ಇರುವ ತಜ್ಞರು ಪರದೆಗೆ ಬರುತ್ತಾರೆ. ಇಷ್ಟು ಕೊಡಿ, ಹೀಗೆ ಮಾಡಿ, ನಾವು ವಿಮಾನ ಕಳಿಸುತ್ತೇವೆ ಅನ್ನುತ್ತಾರೆ. ಆ ವಿಮಾನದ್ದೇ ಒಂದು ಇತಿಹಾಸ. ಫ್ಲೈಯಿಂಗ್ ಡಾಕ್ಟರ್ ಸೇವೆ ಶುರುವಾದದ್ದು 1928ರಲ್ಲಿ, ಇದೇ ರಾಜ್ಯದ ಕ್ಲೋನ್‌ಕರಿಯಿಂದ. ಆಮೇಲೆ ಕಾಲಲ್ಲಿ ಪೆಡಲ್ ತುಳಿದು ನಡೆಸುವ ರೇಡಿಯೋ ಬಂತು. ದೂರದ ದನದ ಫಾರಂಗಳಲ್ಲಿ ಔಷಧಿ ಪೆಟ್ಟಿಗೆ ಇಟ್ಟು, ಒಳಗಿನ ಒಂದೊಂದು ಔಷಧಿಗೂ ನಂಬರ್ ಕೊಟ್ಟರು. ಹೆಸರು ಓದಲು ತಡವರಿಸುವುದೇ ಬೇಡ, ಡಾಕ್ಟರ್ ನಂಬರ್ ಹೇಳಿದರೆ ಸಾಕು. ಪೆಟ್ಟಿಗೆಗಳು ಈಗಲೂ ಇವೆ.

ಇನ್ನೊಂದು. 2005ರಲ್ಲಿ ಇಲ್ಲಿನ ರೋಮಾ ಅನ್ನುವ ಊರಿನಲ್ಲಿ ಕೂತು ಒಂದು ಒಪ್ಪಂದ ಮಾಡಿಕೊಂಡರು. ಹಳ್ಳಿ ಡಾಕ್ಟರಿಕೆಗೆ ಬೇರೆಯದೇ ತರಬೇತಿ, ಬೇರೆಯದೇ ಹುದ್ದೆ, ಅದಕ್ಕೆ ತಕ್ಕ ಸಂಬಳ. ಹೆರಿಗೆಯೋ ಅರಿವಳಿಕೆಯೋ ಒಂದು ಕೆಲಸವನ್ನು ಹೆಚ್ಚಿಗೆ ಕಲಿತು ಬರುತ್ತಾರೆ. ಇಲ್ಲಿ ‘ರೂರಲ್’ ಅನ್ನುವ ಪದ ವಿಸಿಟಿಂಗ್ ಕಾರ್ಡಿನ ಮೇಲೆ ಇರುತ್ತದೆ.

ನಮ್ಮಲ್ಲಿ ಅದಕ್ಕಿರುವ ಪದ ಯಾವುದು ಹೇಳಿ? ಎತ್ತಂಗಡಿ. ಲಂಚ ತಿಂದ ಅಧಿಕಾರಿಯನ್ನು ಎಲ್ಲಿಗೆ ಹಾಕುತ್ತಾರೆ? ಬೀದರ್, ರಾಯಚೂರು, ಯಾದಗಿರಿ. ಮಂತ್ರಿಗಳು ಸಿಟ್ಟಿನಲ್ಲಿ ಯಾದಗಿರಿಗೆ ಹಾಕಿಬಿಡ್ತೀನಿ ಅಂದರೆ ಬೆಂಗಳೂರು ನಗುತ್ತದೆ. ಅದು ನಮ್ಮೂರು ಸ್ವಾಮಿ! ನಮ್ಮ ಜಿಲ್ಲೆಯ ಹೆಸರನ್ನೇ ಒಂದು ಶಿಕ್ಷೆ ಮಾಡಿಟ್ಟು, ಆಮೇಲೆ ಅಲ್ಲಿಗೆ ಯಾಕೆ ಡಾಕ್ಟರ್ ಬರೋದಿಲ್ಲ ಅಂತ ಸಭೆ ಮಾಡುತ್ತಾರೆ. ಇಪ್ಪತ್ನಾಲ್ಕರ ಹುಡುಗಿಯನ್ನು ದಂಡದ ಹೆದರಿಕೆ ತೋರಿಸಿ ಕಳಿಸುವುದಕ್ಕೆ ಕಾಯ್ದೆ ಇತ್ತು. ಅವಳು ರಾತ್ರಿ ಹನ್ನೆರಡಕ್ಕೆ ಫೋನ್ ಮಾಡಿದರೆ ಯಾರು ಎತ್ತಬೇಕು ಅನ್ನುವುದಕ್ಕೆ ಒಬ್ಬ ಮನುಷ್ಯ ಇರಲಿಲ್ಲ.

ರೂರಲ್ ಕೋಟಾದ್ದೂ ಇದೇ ಕಥೆ. ಒಂದರಿಂದ ಹತ್ತನೇ ತರಗತಿ ತನಕ ಹಳ್ಳಿಯಲ್ಲಿ ಓದಿದವರಿಗೆ ಸೀಟು ಕೊಡುತ್ತೇವೆ, ಒಳ್ಳೆಯದೇ. ಇಲ್ಲಿನ ಟೌನ್ಸ್‌ವಿಲ್‌ನ ಜೇಮ್ಸ್ ಕುಕ್ ವಿಶ್ವವಿದ್ಯಾಲಯ 2000ರಲ್ಲಿ ಮೆಡಿಕಲ್ ಶುರು ಮಾಡಿದಾಗಿನಿಂದ ಹಳ್ಳಿ ಮಕ್ಕಳಿಗೇ ಮೊದಲ ಮಣೆ ಹಾಕುತ್ತಿದೆ. ಆದರೆ ಅಲ್ಲಿ ಓದುವಾಗಲೂ ಅವರನ್ನು ಸಣ್ಣ ಊರಿನ ಆಸ್ಪತ್ರೆಗಳಿಗೆ ಕಳಿಸಿ ಕಲಿಸುತ್ತಾರೆ. ನಮ್ಮಲ್ಲಿ ಸೀಟು ಸಿಕ್ಕ ದಿನಕ್ಕೆ ಹಳ್ಳಿ ಸರ್ಟಿಫಿಕೇಟಿನ ಕೆಲಸ ಮುಗಿಯಿತು.

ಇಷ್ಟೆಲ್ಲ ಬರೆದು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. ಕೇಳಿದಳು. “ಆಶಾ ಅಕ್ಕನ ಸುದ್ದಿ ಬರದಿಲ್ಲೇನು?” ಅಂದಳು.

ಬರೆದಿರಲಿಲ್ಲ. ಅಪ್ಪನ ಬಿಪಿ ಮಾತ್ರೆ ಮುಗಿಯುವ ದಿನ ನನಗೆ ಗೊತ್ತಿಲ್ಲ, ನಮ್ಮೂರಿನ ಆಶಾ ಕಾರ್ಯಕರ್ತೆಯಾದ ಅವರಿಗೆ ಗೊತ್ತು. ತಂಗಿಯ ಹೆರಿಗೆಗೆ ಜೊತೆಯಲ್ಲಿ ಹೋಗಿ ರಾತ್ರಿಯಿಡೀ ಕೂತವರು ಅವರು. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನ ಚಳಿಯಲ್ಲಿ ಮಲಗಿದವರೂ ಅವರೇ. ಇಲ್ಲಿ ಹಾಗೆ ಮನೆ ಬಾಗಿಲಿಗೆ ಬಂದು ಕೇಳುವವರು ನನಗೆ ಸಿಕ್ಕಿಲ್ಲ. ಗಾಯ ಅಂತ ಹೋಗಿದ್ದಕ್ಕೆ ಅವತ್ತೇ ನೋಡಿದರು. ಸುಮ್ನೆ ಕೆಮ್ಮು ಅಂದಿದ್ದರೆ ಎರಡು ವಾರ ಕಾಯಬೇಕಿತ್ತು. ಕ್ವೀನ್ಸ್‌ಲ್ಯಾಂಡಿನ ಎಷ್ಟೋ ಸಣ್ಣ ಊರುಗಳಲ್ಲಿ ಹೆರಿಗೆ ವಾರ್ಡ್ ಮುಚ್ಚಿ, ಬಸುರಿಯರು ದಿನ ತುಂಬುವ ಮೊದಲೇ ದೂರದ ಪಟ್ಟಣಕ್ಕೆ ಹೋಗಿ ರೂಮು ಮಾಡಿಕೊಂಡು ಇರುತ್ತಾರೆ. ನಮ್ಮ ಕಡೆಯೂ ಮಾಡಿ ತೋರಿಸಿದವರು ಇದ್ದಾರೆ ಬಿಡಿ. ಚಾಮರಾಜನಗರದ ಗುಂಬಳ್ಳಿ ಪಿಎಚ್‌ಸಿಯನ್ನು ಡಾ. ಸುದರ್ಶನ್ ಅವರ ಕರುಣಾ ಟ್ರಸ್ಟ್ 1996ರಲ್ಲೇ ವಹಿಸಿಕೊಂಡಿತ್ತು. 2022ರಲ್ಲಿ ಯಾದಗಿರಿಗೂ ಮೆಡಿಕಲ್ ಕಾಲೇಜು ಬಂತು.

ಮತ್ತೆ ಆ ಹತ್ತು ವರ್ಷದ ಗಡುವು. ಅದು ಯಾರ ಮೇಲೆ? ಹೊರಗಿನಿಂದ ಬಂದವರ ಮೇಲೆ. ಸಿಡ್ನಿಯಲ್ಲಿ ಹುಟ್ಟಿ ಬೆಳೆದ ಡಾಕ್ಟರ್ ತಾನಾಗಿ ಇಲ್ಲಿಗೆ ಬಂದಿದ್ದರೆ ನನ್ನ ಕೈಗೆ ಕಲಬುರಗಿಯವರು ಯಾಕೆ ಹೊಲಿಗೆ ಹಾಕಬೇಕಿತ್ತು? ಕರ್ನಾಟಕದ ತೆರಿಗೆಯಲ್ಲಿ ಓದಿದವರನ್ನು ಕರೆಸಿಕೊಂಡು ಈ ದೇಶ ತನ್ನ ಹಳ್ಳಿ ನಡೆಸುತ್ತಿದೆ. ಇದೂ ಎತ್ತಂಗಡಿಯೇ ಅಲ್ವಾ, ಸ್ವಲ್ಪ ಮರ್ಯಾದೆಯಿಂದ ಮಾಡಿದ್ದು.

ಹೊರಡುವಾಗ ಡಾಕ್ಟರಮ್ಮ, “ಊರಿಗೆ ಹೋದ್ರ ಶೇಂಗಾ ಹಿಂಡಿ ತರ್ರಿ, ಮರೀಬ್ಯಾಡ್ರಿ” ಅಂದರು. ಆಗಲಿ ಅಂದೆ. ಗಡುವು ಇನ್ನೆಷ್ಟು ವರ್ಷ ಉಳಿದಿದೆ ಅಂತ ಕೇಳಿದೆ.

“ಮುಂದಿನ ವರ್ಷ ಮುಗೀತದ. ಬ್ರಿಸ್ಬೇನ್‌ನಾಗ ಮನಿ ನೋಡಾಕತ್ತೀವಿ.”