ಹತ್ತೊಂಬತ್ತು ಸೆಂಟಿಮೀಟರ್‌ನ ರಾಷ್ಟ್ರೀಯ ಸಮಸ್ಯೆ

ಭಾರತದ ಮಹಿಳಾ ವಾಲಿಬಾಲ್ ತಂಡವು ಒಲಿಂಪಿಕ್ಸ್ ಪ್ರವೇಶಿಸುವುದು ಯಾವಾಗ ಎಂಬ ಪ್ರಶ್ನೆಗೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಳಗೆ ಸರಿದಿರುವ ನಮ್ಮೂರಿನ ಕ್ರೀಡಾ ಸಂಘವು ಕಳೆದ ತಿಂಗಳ ಒಂದು ಭಾನುವಾರ ಸಂಜೆ ಉತ್ತರವನ್ನು ಕಂಡುಹಿಡಿಯಿತು. ಉತ್ತರ 2036. ಗೋಳಿಬಜೆ ಬರುವ ಮೊದಲೇ ಇದು ಸಿಕ್ಕಿದ್ದರೂ ಶುಭಾಶಂಸನೆಗೆ ಹೆಸರು ಕೊಟ್ಟವರು ಇನ್ನೂ ಹನ್ನೊಂದು ಮಂದಿ ಉಳಿದಿದ್ದುದರಿಂದ ವಿಚಾರ ಸಂಕಿರಣವನ್ನು ರಾತ್ರಿ ಎಂಟರವರೆಗೆ ನಡೆಸಬೇಕಾಯಿತು.

ಸಂಕಿರಣಕ್ಕೆ ಶಾಮಿಯಾನ ಹಾಕಿದ್ದು ಸಂಘದ ವಾಲಿಬಾಲ್ ಅಂಕಣದ ಮೇಲೆಯೇ. ಪ್ರತಿ ಭಾನುವಾರ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಅಲ್ಲಿ ಆಡುವ ಹೈಸ್ಕೂಲಿನ ಹುಡುಗಿಯರಿಗೆ ಅಂದು ರಜೆ ಕೊಟ್ಟು, ಅವರಲ್ಲಿ ನಾಲ್ವರನ್ನು ಪ್ರಾರ್ಥನೆ ಹಾಡಲೂ ಉಳಿದವರನ್ನು ಗಣ್ಯರ ಶಾಲು, ಹಾರ, ಸ್ಮರಣಿಕೆಗಳ ತಟ್ಟೆ ಹಿಡಿಯಲೂ ನಿಯೋಜಿಸಲಾಗಿತ್ತು. ಆದ್ದರಿಂದ ಮಹಿಳಾ ವಾಲಿಬಾಲಿನ ಭವಿಷ್ಯವನ್ನು ಚರ್ಚಿಸಿದ ವೇದಿಕೆಯ ಮೇಲೆ ಮಹಿಳೆಯರೇ ಇರಲಿಲ್ಲವೆಂದು ಯಾರೂ ಆಕ್ಷೇಪಿಸುವಂತಿಲ್ಲ. ಇದ್ದರು, ಸರದಿಯ ಮೇಲೆ ಹತ್ತಿ ಇಳಿಯುತ್ತಿದ್ದರು.

ಶಾಮಿಯಾನದೊಳಗೆ ಎರಡು ಕಬ್ಬಿಣದ ಕಂಬಗಳೂ ಇದ್ದವು. ಇಡೀ ರಾಷ್ಟ್ರೀಯ ಸಮಸ್ಯೆ ಈ ಕಂಬಗಳಲ್ಲಿಯೇ ಇದೆಯೆಂಬುದು ನನ್ನ ಅಲ್ಪಮತಿಯ ತರ್ಕವಾದ್ದರಿಂದ ಅವುಗಳ ಚರಿತ್ರೆಯನ್ನು ತುಸು ವಿವರವಾಗಿ ಹೇಳಬೇಕಾಗುತ್ತದೆ. ವಾಲಿಬಾಲಿನಲ್ಲಿ ಪುರುಷರ ನೆಟ್ಟಿನ ಮೇಲಂಚು ನೆಲದಿಂದ 2.43 ಮೀಟರ್ ಎತ್ತರದಲ್ಲಿರಬೇಕು, ಮಹಿಳೆಯರದು 2.24 ಮೀಟರ್. ಅಂತರ 19 ಸೆಂಟಿಮೀಟರ್, ಎಂದರೆ ಒಂದು ಗೇಣಿಗೂ ಕಡಿಮೆ. ನಮ್ಮ ಕಂಬಗಳನ್ನು ಗಲ್ಫಿನಲ್ಲಿ ದುಡಿಯುತ್ತಿರುವ ಸದಸ್ಯರೊಬ್ಬರು ತಮ್ಮ ತೀರ್ಥರೂಪರ ಸ್ಮರಣಾರ್ಥ ಮಾಡಿಸಿಕೊಟ್ಟಾಗ ವೆಲ್ಡಿಂಗಿನವನು ಪುರುಷರ ಎತ್ತರಕ್ಕೆ ಒಂದೊಂದು ಕೊಕ್ಕೆಯನ್ನು ಇಟ್ಟು, ಅದರ ಕೆಳಗೆ, ಅಳತೆ ಹಿಡಿದು ಮಾಡಿದಂತೆ ಸರಿಯಾಗಿ 2.24 ಮೀಟರ್ ಎತ್ತರದಲ್ಲಿ, ತೀರ್ಥರೂಪರ ಹೆಸರಿನ ತಗಡಿನ ಫಲಕವನ್ನು ಕೂರಿಸಿದ. ಹುಡುಗಿಯರಿಗಾಗಿ ಇನ್ನೊಂದು ಕೊಕ್ಕೆ ಬೇಕೆಂದರೆ ದಿವಂಗತರ ಹೆಸರಿನ ನಡುವೆ ತೂತು ಕೊರೆಯಬೇಕು. ಅಂಥ ಅಪಚಾರಕ್ಕೆ ಯಾವ ಸಂಘವೂ ಒಪ್ಪಲಾರದು.

ಹೀಗಾಗಿ ಹುಡುಗಿಯರು ನೆಟ್ಟಿನ ಎರಡು ತುದಿಗಳನ್ನು ತೆಂಗಿನ ನಾರಿನ ಹುರಿಹಗ್ಗದಿಂದ ಕಂಬಕ್ಕೆ ಸುತ್ತಿ ಕಟ್ಟುತ್ತಾರೆ. ನಿಯಮದ ಪ್ರಕಾರ ನೆಟ್ಟಿನ ಎತ್ತರವನ್ನು ಅಂಕಣದ ನಡುವೆ ಅಳೆಯಬೇಕು. ಬದಿಗೆರೆಗಳ ಮೇಲೆ ಅದು ಎರಡು ಸೆಂಟಿಮೀಟರ್‌ಗಿಂತ ಹೆಚ್ಚು ಏರಿರಬಾರದು. ನಮ್ಮ ನೆಟ್ಟು ನಡುವಿನಲ್ಲಿ ತೊಟ್ಟಿಲಿನಂತೆ ಜೋತುಬೀಳುವುದರಿಂದ, ಬುದ್ಧಿವಂತರಾದ ಈ ಮಕ್ಕಳು ಎಲ್ಲ ಸ್ಮ್ಯಾಷುಗಳನ್ನೂ ಆ ತೊಟ್ಟಿಲಿನ ಮೇಲಿಂದಲೇ ಹೊಡೆಯುವ ವಿಶಿಷ್ಟ ಶೈಲಿಯೊಂದನ್ನು ರೂಢಿಸಿಕೊಂಡಿದ್ದಾರೆ. ಪ್ಯಾರಿಸ್‌ನಲ್ಲಿ 2024ರಲ್ಲಿ ಅಮೆರಿಕವನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಚಿನ್ನ ಗೆದ್ದ ಇಟಲಿಯವರು ಇಂಥ ಶೈಲಿಯನ್ನು ಕಂಡೂ ಇರಲಾರರು. ನೆಟ್ಟನ್ನು ಜೋಲುಬಿಟ್ಟು ಕಟ್ಟಲು ಅವರು ಒಪ್ಪಿದರೆ ನಮ್ಮವರಿಗೆ ಆಶೆಯಿದೆ.

ಕಾರ್ಯದರ್ಶಿಗಳಿಗೆ ಇದೊಂದು ಕೊರತೆಯೆಂದು ತೋರಿಲ್ಲ. ಹುಡುಗಿಯರು 2.43ರ ಕೊಕ್ಕೆಯಲ್ಲಿಯೇ ಆಡಿ ಅಭ್ಯಾಸ ಮಾಡಿಕೊಂಡರೆ ಮುಂದೆ 2.24ರ ನೆಟ್ಟು ಅವರಿಗೆ ಲೆಕ್ಕಕ್ಕೇ ಬಾರದು ಎಂಬುದು ಅವರ ಸಿದ್ಧಾಂತ. (ಇದೇ ಸಿದ್ಧಾಂತದಂತೆ ತಮ್ಮ ಮಗನಿಗೆ ಸ್ಕೂಟರ್ ಕಲಿಸುವ ಮೊದಲು ಅವರು ಲಾರಿ ಕೊಡಿಸಬೇಕಾಗಿತ್ತು, ಕೊಡಿಸಿಲ್ಲ.)

ಮುಖ್ಯ ಭಾಷಣ ನಿವೃತ್ತ ಡ್ರಿಲ್ ಮಾಷ್ಟ್ರದು. ಅವರು ಮಾಡಿದ ತಪ್ಪೆಂದರೆ ವಿಷಯವನ್ನು ಓದಿಕೊಂಡು ಬಂದದ್ದು. ಒಲಿಂಪಿಕ್ಸ್‌ಗೆ ವಾಲಿಬಾಲ್ ಮೊದಲು ಬಂದದ್ದು 1964ರಲ್ಲಿ ಟೋಕಿಯೊದಲ್ಲಿ. ಅಲ್ಲಿ ಸೋವಿಯತ್ ಒಕ್ಕೂಟವನ್ನು ಸೋಲಿಸಿ ಚಿನ್ನ ಗೆದ್ದ ಜಪಾನಿನ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಕೈಜುಕಾ ಎಂಬ ಊರಿನ ಬಟ್ಟೆಗಿರಣಿಯೊಂದರ ನೌಕರರು. ಹಗಲು ಗಿರಣಿಯ ಕೆಲಸ ಮುಗಿಸಿ ತರಬೇತುದಾರ ದೈಮಾತ್ಸು ಅವರ ಕಣ್ಣೆದುರು ನಡುರಾತ್ರಿಯವರೆಗೆ ಉರುಳಿ ಬಿದ್ದು ಚೆಂಡೆತ್ತುವುದನ್ನು ಕಲಿತವರು ಎಂದು ಅವರು ವಿವರಿಸಿದರು. ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಒಡನೆಯೇ ಧ್ವನಿವರ್ಧಕವನ್ನು ಎಳೆದುಕೊಂಡು, "ನಮ್ಮ ಮಕ್ಕಳೂ ಹಾಗೆಯೇ ಬೆವರು ಸುರಿಸಬೇಕು ಮಾಷ್ಟ್ರೇ, ಆದರೆ ದೀಪ ಇಡುವ ಹೊತ್ತಿಗೆ ಮನೆ ಸೇರಿರಬೇಕು" ಎಂದರು. ಅದಕ್ಕೂ ಚಪ್ಪಾಳೆ ಬಿತ್ತು, ಮೊದಲಿನದಕ್ಕಿಂತ ಜೋರಾಗಿ.

ಅನಂತರ ಸೋಲಿನ ಕಾರಣಗಳ ಶೋಧನೆ ನಡೆಯಿತು. ಏಷ್ಯನ್ ಮಹಿಳಾ ಚಾಂಪಿಯನ್‌ಶಿಪ್ 1975ರಿಂದ ನಡೆಯುತ್ತಿದ್ದರೂ ಭಾರತಕ್ಕೆ ಒಂದು ಪದಕವೂ ಬಂದಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮದು ಒಂಬತ್ತನೆಯ ಸ್ಥಾನ. 2025ರಲ್ಲಿ ಥಾಯ್ಲೆಂಡಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಂಡಗಳ ಸಂಖ್ಯೆಯನ್ನು 24ರಿಂದ 32ಕ್ಕೆ ಏರಿಸಿದಾಗ ವಿಯೆಟ್ನಾಂಗೆ ಮೊದಲ ಬಾರಿ ಬಾಗಿಲು ತೆರೆಯಿತು, ಕೆನ್ಯಾ ಇತ್ತು, ಕ್ಯಾಮರೂನ್ ಇತ್ತು, ನಾವಿರಲಿಲ್ಲ. ಎಲ್ಲಕ್ಕೂ ಕಾರಣ ನಮ್ಮ ಹೆಣ್ಣುಮಕ್ಕಳ ಗಿಡ್ಡ ಆಳ್ತನ ಎಂದು ಅಡಿಕೆ ವ್ಯಾಪಾರಿಗಳೊಬ್ಬರು ತೀರ್ಪು ಕೊಟ್ಟರು. ಮಾಷ್ಟ್ರು ಸುಮ್ಮನಿರಬಹುದಿತ್ತು. ಅವರು ಎದ್ದು, ಎತ್ತರದಲ್ಲಿ ಹಿಂದಿರುವ ಜಪಾನ್ 2024ರ ನೇಷನ್ಸ್ ಲೀಗ್‌ನಲ್ಲಿ ಎರಡನೆಯದಾಯಿತೆಂದೂ, ಥಾಯ್ಲೆಂಡ್ 2009, 2013, 2023ರಲ್ಲಿ ಏಷ್ಯಾದ ಚಾಂಪಿಯನ್ ಆಯಿತೆಂದೂ ತಿಳಿಸಿದರು. "ಅವರ ಆಹಾರವೇ ಬೇರೆ" ಎಂದು ವ್ಯಾಪಾರಿಗಳು ಬಿಟ್ಟುಕೊಡಲಿಲ್ಲ. ಥಾಯ್ಲೆಂಡಿನವರು ಉಣ್ಣುವುದೂ ಅನ್ನ, ಮೀನು, ತೆಂಗಿನ ಹಾಲು ಎಂದು ಮಾಷ್ಟ್ರು ಹೇಳಿದಾಗ ಸಭೆಯಲ್ಲಿ ಬೇಸರದ ಗಾಳಿ ಬೀಸಿತು. ಕೈಗೆ ಬಂದಿದ್ದ ಕಾರಣವೊಂದು ಸುಖಾಸುಮ್ಮನೆ ಜಾರಿಹೋಯಿತು.

ಈ ಬಿಕ್ಕಟ್ಟಿನಿಂದ ನಮ್ಮನ್ನು ಪಾರುಮಾಡಿದ್ದು 2036. ಆ ವರ್ಷದ ಒಲಿಂಪಿಕ್ಸ್ ನಡೆಸುವ ಇಚ್ಛೆಯನ್ನು ಭಾರತವು 2024ರ ಅಕ್ಟೋಬರ್‌ನಲ್ಲಿ ಲಿಖಿತವಾಗಿ ತಿಳಿಸಿದೆ. ವಾಲಿಬಾಲಿನಲ್ಲಿ ಒಲಿಂಪಿಕ್ಸ್‌ಗೆ ಹೋಗುವುದು ಹನ್ನೆರಡೇ ತಂಡಗಳು. ಅದರಲ್ಲಿ ಆತಿಥೇಯರಿಗೆ ಅರ್ಹತಾ ಪಂದ್ಯದ ರಗಳೆಯಿಲ್ಲದೆ ಸ್ಥಾನ ಸಿಗುವುದು ರೂಢಿ. ಲಂಡನ್ನಿನಲ್ಲಿ 2012ರಲ್ಲಿ ಬ್ರಿಟನ್ನಿನ ಮಹಿಳೆಯರು ಹೀಗೆಯೇ ಒಳಗೆ ಬಂದು ಅಲ್ಜೀರಿಯಾವನ್ನು ಸೋಲಿಸಿಯೂ ಬಿಟ್ಟರು. ಅಂದಮೇಲೆ ದಾರಿ ನಿಚ್ಚಳವಾಗಿದೆ: ಕಂಬದ ಕೊಕ್ಕೆಯನ್ನು ಒಂದು ಗೇಣು ಇಳಿಸುವುದಕ್ಕಿಂತ ಒಂದು ಒಲಿಂಪಿಕ್ಸನ್ನೇ ಇಲ್ಲಿಗೆ ಇಳಿಸುವುದು ಸುಲಭ. ಸಾವಿರಾರು ಕೋಟಿ ರೂಪಾಯಿ ಖರ್ಚಾದರೂ ಯಾರ ತೀರ್ಥರೂಪರ ಫಲಕಕ್ಕೂ ಧಕ್ಕೆಯಾಗುವುದಿಲ್ಲ. ಅಧ್ಯಕ್ಷರು ಇದನ್ನು ಠರಾವಾಗಿ ಮಂಡಿಸಿದಾಗ ಎಲ್ಲರೂ ಕೈಯೆತ್ತಿದರು. ತಟ್ಟೆ ಹಿಡಿದಿದ್ದ ಹುಡುಗಿಯರಿಗೆ ಕೈಯೆತ್ತಲಾಗಲಿಲ್ಲ.

ನಡುವೆ ಒಬ್ಬರು ರಾಷ್ಟ್ರೀಯ ಒಕ್ಕೂಟದ ಮೇಲೆ ಹರಿಹಾಯ್ದರು. ಪದಾಧಿಕಾರಿಗಳ ಒಳಜಗಳದಿಂದಾಗಿ 2016ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವು ಭಾರತದ ಒಕ್ಕೂಟವನ್ನು ಅಮಾನತಿನಲ್ಲಿಟ್ಟದ್ದು ನಿಜ. ಆದರೆ ಮಾತನಾಡಿದವರು, ಮೂರು ವರ್ಷಗಳ ಹಿಂದೆ ಚಾಂಪಿಯನ್ ಟ್ರೋಫಿ ಯಾರ ಮನೆಯ ಶೋಕೇಸಿನಲ್ಲಿರಬೇಕೆಂಬ ತಕರಾರಿನಲ್ಲಿ ನಮ್ಮ ಸಂಘವನ್ನು ಒಡೆದು ಎದುರಿನ ದಿಣ್ಣೆಯ ಮೇಲೆ ಇನ್ನೊಂದು ಸಂಘ ಕಟ್ಟಿದವರಾದ್ದರಿಂದ, ಅವರ ದನಿಯಲ್ಲಿ ಸಿಟ್ಟಿಗಿಂತ ಬಂಧುಪ್ರೇಮವೇ ಹೆಚ್ಚು ಕೇಳಿಸಿತು.

ಗಡಿನಾಡಿನ ಅಭಿಮಾನವನ್ನು ಮುಟ್ಟದೆ ನಮ್ಮಲ್ಲಿ ಯಾವ ಸಭೆಯೂ ಮುಗಿಯುವುದಿಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದವರು. ಆ ರಾಜ್ಯಕ್ಕೆ ವಾಲಿಬಾಲೆಂದರೆ ಪ್ರಾಣ. ಹೆಸರಾಂತ ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ ಹುಟ್ಟಿದ್ದು ಪಕ್ಕದ ಕಣ್ಣೂರು ಜಿಲ್ಲೆಯ ಪೇರಾವೂರಿನಲ್ಲಿ. ಅವರಿಗೆ ಅರ್ಜುನ ಪ್ರಶಸ್ತಿ ಬಂದದ್ದು 1976ರಲ್ಲಿ, ವಾಲಿಬಾಲ್ ಆಟಗಾರ್ತಿ ಕೆ.ಸಿ. ಏಲಮ್ಮ ಅವರಿಗೆ ಅದಕ್ಕೂ ಒಂದು ವರ್ಷ ಮೊದಲೇ ಬಂದಿತ್ತು. ರಾಷ್ಟ್ರೀಯ ಮಹಿಳಾ ಫೈನಲ್‌ಗಳಲ್ಲಿ ಕೇರಳವೂ ರೈಲ್ವೆಯೂ ಮತ್ತೆ ಮತ್ತೆ ಎದುರುಬದುರಾಗುವುದು ವಾಡಿಕೆಯೇ ಆಗಿದೆ. ನಮ್ಮ ಹುಡುಗಿಯೊಬ್ಬಳು ಆ ಮಟ್ಟ ಮುಟ್ಟಬೇಕಾದರೆ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕುಳಿತು ರಾಜ್ಯದ ಇನ್ನೊಂದು ತುದಿಯ ತಿರುವನಂತಪುರಕ್ಕೆ ಹೋಗಿ, ಬೆಳಗ್ಗೆ ಇಳಿದವಳೇ ಬೂಟು ಕಟ್ಟಿ ಆಯ್ಕೆಯ ಅಂಕಣದಲ್ಲಿ ಜಿಗಿಯಬೇಕು. ಆಯ್ಕೆಯಾದರೆ ಅವಳು ಗಡಿನಾಡ ಕನ್ನಡದ ಕುವರಿ, ಫ್ಲೆಕ್ಸಿನಲ್ಲಿ ಅವಳ ಚಿತ್ರಕ್ಕಿಂತ ನಮ್ಮ ಏಳು ಮಂದಿ ಪದಾಧಿಕಾರಿಗಳ ಚಿತ್ರ ದೊಡ್ಡದು. ಆಯ್ಕೆಯಾಗದಿದ್ದರೆ ಅವಳು ಮಲಯಾಳದವರ ರಾಜಕೀಯಕ್ಕೆ ಬಲಿಯಾದವಳು, ಅದಕ್ಕೂ ಒಂದು ಖಂಡನಾ ಸಭೆ. ಎರಡರಲ್ಲಿ ಯಾವುದಾದರೂ ಸಂಘಕ್ಕೆ ಕಾರ್ಯಕ್ರಮ ಖಚಿತ.

ಧನ್ಯವಾದ ಸಮರ್ಪಣೆಗೆ ಮುನ್ನ ಸಂಘದ ವಾರ್ಷಿಕ ಹೊನಲು ಬೆಳಕಿನ ಪಂದ್ಯಾಟದ ಆಮಂತ್ರಣ ಪತ್ರಿಕೆ ಬಿಡುಗಡೆಯಾಯಿತು. ಪುರುಷರಿಗೆ ಎಂಟು ತಂಡ, ನಗದು ಬಹುಮಾನ, ಮಂಗಳೂರಿನಿಂದ ಬಾಡಿಗೆಗೆ ತರುವ ದೀಪಗಳು, ಬೆಳಗಿನ ಜಾವದವರೆಗೆ ಆಟ. ಕೊನೆಯ ಪುಟದ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ "ಸಂಜೆ 5ಕ್ಕೆ ಮಹಿಳೆಯರ ಪ್ರದರ್ಶನ ಪಂದ್ಯ (ಸಮಯಾವಕಾಶವಿದ್ದಲ್ಲಿ)" ಎಂದಿತ್ತು. ಕಳೆದ ವರ್ಷವೂ ಇತ್ತು. ಉದ್ಘಾಟಕರು ತಡವಾಗಿ ಬಂದುದರಿಂದ ಸಮಯಾವಕಾಶವಿರಲಿಲ್ಲ.

ಎಲ್ಲ ಮುಗಿದು ಕುರ್ಚಿ ಎತ್ತುವ ಹೊತ್ತಿಗೆ, ಸೆಟ್ಟರ್ ಆಡುವ ಹುಡುಗಿಯೊಬ್ಬಳು ತಟ್ಟೆಯನ್ನು ಮೇಜಿನ ಮೇಲಿಟ್ಟು, "ಮಾಷ್ಟ್ರೇ, ಪೈಪಿಗೆ ಬಿಗಿಯುವ ಕ್ಲ್ಯಾಂಪ್ ಸಿಗ್ತದೆ. ಫಲಕದ ಸ್ವಲ್ಪ ಮೇಲೆ ಬಿಗಿದು ಹಗ್ಗ ಕೆಳಗೆ ಎಳೆದು ಕಟ್ಟಿದ್ರೆ ಸರಿ ಎತ್ತರಕ್ಕೆ ಬರ್ತದೆ, ಹೆಸರಿಗೆ ಏನೂ ಆಗುದಿಲ್ಲ" ಎಂದಳು. ಮಾಷ್ಟ್ರು ಆಕೆಯನ್ನು ಖಜಾಂಚಿಗಳ ಬಳಿಗೆ ಕರೆದೊಯ್ದರು. ಖಜಾಂಚಿಗಳು ಸಜ್ಜನರು, ಇಲ್ಲವೆನ್ನಲಿಲ್ಲ. ಎರಡು ಕ್ಲ್ಯಾಂಪಿಗೆ ಎಷ್ಟಾಗುತ್ತದೆಂದು ಕೇಳಿ, ಇನ್ನೂರು ರೂಪಾಯಿಯ ಒಳಗೆ ಎಂಬ ಉತ್ತರ ಬಂದ ಮೇಲೆ, ಸಾರ್ವಜನಿಕ ಹಣವಾದ್ದರಿಂದ ಮೂರು ಅಂಗಡಿಗಳ ಕೊಟೇಶನ್ ತಂದರೆ ಮುಂದಿನ ಸಭೆಯಲ್ಲಿ ಇಡಬಹುದೆಂದು ಆಶ್ವಾಸನೆ ಕೊಟ್ಟರು. ಎರಡು ಕೊಟೇಶನ್‌ಗಳು ಮರುದಿನವೇ ಬಂದಿವೆ. ನಮ್ಮ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಗಳಿರುವುದು ಎರಡೇ.