ಕಾಯಿಲ್ಲದ ಹನ್ನೆರಡು ತೆಂಗಿನ ಮರ

ನಮ್ಮ ಭಾವನಿಗೆ ತಿಪಟೂರಿನ ಹತ್ತಿರ ಎಂಟುನೂರು ತೆಂಗಿನ ಮರಗಳಿವೆ. ಮಗಳ ಮದುವೆಗೆ ಜಾಗ ತೋರಿಸಲು ಬೆಂಗಳೂರಿನಿಂದ ಬಂದ ವೆಡ್ಡಿಂಗ್ ಪ್ಲಾನರ್ ಹುಡುಗ ಅದೇ ತೋಟದ ಮನೆಯ ಜಗುಲಿ ಮೇಲೆ ಕೂತು, ಅದೇ ತೋಟದ ಎಳನೀರು ಕುಡಿದು, ಲ್ಯಾಪ್‌ಟಾಪ್ ತೆರೆದು ಹೇಳಿದ ಮೊದಲ ಮಾತು ಇದು: "ಅಂಕಲ್, ಈ ರೆಸಾರ್ಟ್‌ನಲ್ಲಿ ತೆಂಗಿನ ಮರ ಇದೆ. ಅದೇ ಇದರ ಹೈಲೈಟ್."

ಭಾವ ಕನ್ನಡಕ ಹಾಕಿಕೊಂಡು ಬಾಗಿ ಎಣಿಸಿದರು. ಹನ್ನೆರಡು. ಒಂದರಲ್ಲೂ ಕಾಯಿ ಇರಲಿಲ್ಲ.

"ಇದ್ಯಾಕಪ್ಪ, ಕಾಯೇ ಬಿಟ್ಟಿಲ್ಲ? ನುಸಿ ಹತ್ತಿದೆಯಾ?"

"ಇಲ್ಲ ಅಂಕಲ್. ಗೆಸ್ಟ್‌ಗಳ ತಲೆ ಮೇಲೆ ಬೀಳತ್ತೆ ಅಂತ ಎಳೇದರಲ್ಲೇ ಕತ್ತರಿಸಿ ಎಸೀತಾರೆ."

ಭಾವ ಅವತ್ತು ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಅಡ್ವಾನ್ಸ್ ಕೊಟ್ಟರು.

ಡೆಸ್ಟಿನೇಷನ್ ವೆಡ್ಡಿಂಗ್ ಅನ್ನೋ ಮಾತು ನಮ್ಮ ಮನೆಗೆ ಬಂದದ್ದು ಕೊಬ್ಬರಿ ಬೆಲೆಯ ಜೊತೆಗೆ. ಕೊಬ್ಬರಿಗೆ ಒಳ್ಳೆ ರೇಟು ಬಂದ ವರ್ಷ ಕೆಲವರು ಸೈಟು ತಗೊಂಡರು, ಕೆಲವರು ಕಾರು ತಗೊಂಡರು. ಭಾವ ಮಗಳ ಮಾತು ಕೇಳಿದರು. ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. "ಅಪ್ಪ, ಸಾವಿರಾರು ಜನ, ಮೈಕು, ನೂಕುನುಗ್ಗಲು ಏನೂ ಬೇಡ. ಚಿಕ್ಕದಾಗಿ, ಚೊಕ್ಕವಾಗಿ, ನಮ್ಮವರು ಮಾತ್ರ" ಅಂದಳು. ಭಾವನ ಕಣ್ಣಲ್ಲಿ ನೀರು ಬಂತು. ಕುವೆಂಪು ಹೇಳಿದ ಮಂತ್ರಮಾಂಗಲ್ಯವೇ ಮಗಳ ಬಾಯಲ್ಲಿ ಬರ್ತಿದೆ ಅಂದುಕೊಂಡರು, ಪಾಪ. ಆ ಖುಷಿಯಲ್ಲಿ ಮುಂದಿನ ಮಾತು ಕೇಳಿಸಿಕೊಳ್ಳಲಿಲ್ಲ. ಮುಂದಿನ ಮಾತು "ಮಾಲ್ಡೀವ್ಸ್‌ನಲ್ಲಿ" ಅಂತ ಇತ್ತು.

ಮಾಲ್ಡೀವ್ಸ್ ತಪ್ಪಿಸಿದವನು ಗಣಪತಿ. ಪೂಜೆಯ ವಿಗ್ರಹಗಳನ್ನು ಆ ದೇಶದೊಳಗೆ ತಗೊಂಡು ಹೋಗುವಂತಿಲ್ಲ. ಪ್ಲಾನರ್ ಹುಡುಗ ಹೆದರಲಿಲ್ಲ. "ಗಣೇಶನ್ನ ಎಲ್‌ಇಡಿ ಸ್ಕ್ರೀನ್ ಮೇಲೆ ಹಾಕೋಣ ಅಂಕಲ್" ಅಂದ. ನಮ್ಮ ಶಾಸ್ತ್ರಿಗಳು, "ಹಾಗಾದ್ರೆ ನಾನೂ ಸ್ಕ್ರೀನ್ ಮೇಲೇ ಬರ್ತೀನಿ, ದಕ್ಷಿಣೆ ಫೋನ್‌ಪೇ ಮಾಡಿ" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು. ಆಮೇಲೆ ಬಾಲಿ ಬಂತು, ಫುಕೆಟ್ ಬಂತು. ಅಷ್ಟರಲ್ಲಿ ಭಾವನಿಗೆ ಪ್ರಧಾನಿಯವರು ನೆನಪಾದರು. ಹೊರದೇಶಕ್ಕೆ ಹೋಗಿ ಮದುವೆ ಮಾಡೋದು ಯಾಕೆ ಅಂತ 2023ರ ನವೆಂಬರ್‌ನ ಮನ್ ಕೀ ಬಾತ್‌ನಲ್ಲಿ ಕೇಳಿದ್ದರಲ್ಲ, ಮುಂದಿನ ತಿಂಗಳೇ ಡೆಹ್ರಾಡೂನ್‌ನಲ್ಲಿ 'ವೆಡ್ ಇನ್ ಇಂಡಿಯಾ' ಅಂದಿದ್ದರಲ್ಲ. ದೇಶಭಕ್ತಿ ಉಕ್ಕಿತು. ಗೋವಾ ಅಂತ ತೀರ್ಮಾನವಾಯಿತು. 1961ರ ತನಕ ಅದು ಪೋರ್ಚುಗೀಸರ ಕೈಯಲ್ಲಿತ್ತು ಅನ್ನೋದು ಜ್ಞಾಪಕ ಇದ್ದದ್ದು ನಮ್ಮ ತಾತನಿಗೆ ಮಾತ್ರ. "ಪಾಸ್‌ಪೋರ್ಟ್ ಬೇಕೇನ್ರೋ?" ಅಂತ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ.

ನಮಗೇ ಮುನ್ನೂರು ಕಿಲೋಮೀಟರ್‌ಗಿಂತ ಜಾಸ್ತಿ ಕರಾವಳಿ ಇದೆ, ಗೋಕರ್ಣದಲ್ಲಿ ಮಾಡಿದರೆ ಆಗಲ್ವಾ ಅಂತ ನಾನು ಬಾಯಿ ಹಾಕಿದೆ. ಅದೇ ಸಮುದ್ರ, ಅದೇ ಮರಳು. ಹುಡುಗ ನನ್ನನ್ನು ಕನಿಕರದಿಂದ ನೋಡಿದ. "ಅಂಕಲ್, ಗೋಕರ್ಣಕ್ಕೆ ಬನ್ನಿ ಅಂದ್ರೆ ಜನ ತಿಥಿ ಅಂದುಕೊಳ್ತಾರೆ."

ಆಮೇಲೆ ಶುರುವಾಯಿತು ಪ್ಯಾಕ್ಸ್ ಕಾಟ. ಆ ಹುಡುಗನ ಭಾಷೆಯಲ್ಲಿ ನೆಂಟರು, ಇಷ್ಟರು, ಬೀಗರು ಅಂತೆಲ್ಲ ಇಲ್ಲ. ಎಲ್ಲರೂ ಪ್ಯಾಕ್ಸ್. ದೊಡ್ಡಪ್ಪ ಒಂದು ಪ್ಯಾಕ್ಸು, ಸೋದರತ್ತೆ ಒಂದು ಪ್ಯಾಕ್ಸು, ಐದು ವರ್ಷದೊಳಗಿನ ಮಗು ಅರ್ಧ ಪ್ಯಾಕ್ಸು. ರೆಸಾರ್ಟ್‌ನಲ್ಲಿ ಇರೋ ರೂಮಿಗೆ ನೂರಿಪ್ಪತ್ತು ಪ್ಯಾಕ್ಸ್ ಮಾತ್ರ ಹಿಡಿಸತ್ತೆ. ಅದರಲ್ಲಿ ಅರವತ್ತು ಗಂಡಿನ ಕಡೆಗೆ. ಉಳಿದ ಅರವತ್ತರಲ್ಲಿ ಮಗಳ ಆಫೀಸಿನವರು ಇಪ್ಪತ್ತೆಂಟು. ಫೋಟೋ, ವಿಡಿಯೋ, ಡ್ರೋನ್, ಮೇಕಪ್ಪು ಅಂತ ಹತ್ತು ಜನ, ಅವರಿಗೂ ರೂಮು ಕೊಡಬೇಕು. ಮಿಕ್ಕಿದ್ದು ಇಪ್ಪತ್ತೆರಡು. 'ನಮ್ಮವರು ಮಾತ್ರ' ಅಂದಿದ್ದಳಲ್ಲ, ಆ ನಮ್ಮವರು.

ಅಕ್ಕ ಒಳಗಿಂದ ಮುಯ್ಯಿ ಪುಸ್ತಕ ತಂದಳು. ಅಂಚು ಹರಿದ ಉದ್ದನೆ ಪುಸ್ತಕ. ಅವಳ ಮದುವೆಯಾದಾಗಿನಿಂದ ಯಾರ ಮನೆ ಕಾರ್ಯಕ್ಕೆ ಏನು ಕೊಟ್ಟಿದ್ದೀವಿ ಅನ್ನೋದೆಲ್ಲ ಅದರಲ್ಲಿದೆ. "ಹಾಲ್ಕುರಿಕೆ ಚಿಕ್ಕಮ್ಮನ ಮಗಳು, ಸ್ಟೀಲ್ ಕೊಳಗ 1. ಗುಬ್ಬಿ ಮೇಷ್ಟ್ರ ಮಗ, 101 ರೂ. ಕೊಬ್ಬರಿ ಮಂಡಿ ಸಾಹುಕಾರರ ಮೊಮ್ಮಗಳು, ಬೆಳ್ಳಿ ಕುಂಕುಮದ ಭರಣಿ." ಸಾವಿರಕ್ಕೂ ಜಾಸ್ತಿ ಮನೆ. ಎಲ್ಲ ಕೊಟ್ಟಿದ್ದೇ, ವಾಪಸ್ ಬಂದಿದ್ದು ಏನೂ ಇಲ್ಲ, ಯಾಕೆಂದರೆ ಇದು ಮನೆಯ ಮೊದಲ ಮದುವೆ. ಅಕ್ಕ ಪುಟ ತಿರುವುತ್ತಾ ಹೋದಳು. ಕೊನೆಗೆ ಪುಸ್ತಕ ಮುಚ್ಚಿ, "ಬ್ಯಾಂಕಿನಲ್ಲಿ ಇಟ್ಟಿದ್ರೆ ಬಡ್ಡಿನಾದ್ರೂ ಬರ್ತಿತ್ತು" ಅಂದಳು.

ಲಗ್ನಪತ್ರಿಕೆ ವಾಟ್ಸಾಪ್‌ನಲ್ಲಿ ಬಂತು. ಅದರಲ್ಲಿ ಕುಲದೇವರ ಹೆಸರು ಚಿಕ್ಕದಾಗಿತ್ತು, ಡ್ರೆಸ್ ಕೋಡ್ ದೊಡ್ಡದಾಗಿತ್ತು. ಮುಹೂರ್ತಕ್ಕೆ ಐವರಿ ಮತ್ತು ಸೇಜ್ ಗ್ರೀನ್. ಐವರಿ ಅಂದರೆ ಏನು ಅಂತ ಅಜ್ಜಿ ಕೇಳಿದರು. ಬಿಳಿ ಅಂತ ಹೇಳಿದೆವು. "ಮುತ್ತೈದೆ ನಾನು, ಮದುವೆಗೆ ಬಿಳಿ ಸೀರೆ ಉಡ್ಲಾ?" ಅಂದರು. ಸೇಜ್ ಗ್ರೀನ್ ಸೀರೆ ತೋರಿಸಿದೆವು. ಅಜ್ಜಿ ಮುಟ್ಟಿ ನೋಡಿ, "ಒಳ್ಳೇ ಹಸಿರೇ ಇರಬೇಕು, ಒಗೆದೂ ಒಗೆದೂ ಹೀಗಾಗಿದೆ" ಅಂದರು. ಕೊನೆಗೆ ತಮ್ಮ ಕೆಂಪು ಧಾರೆ ಸೀರೆಯನ್ನೇ ಉಟ್ಟು ಬಂದರು. ಆಲ್ಬಮ್ಮಿನಲ್ಲಿ ಈಗ ಅವರನ್ನು ಕಪ್ಪುಬಿಳುಪು ಮಾಡಿದ್ದಾರೆ.

ವಿಮಾನ ನಿಲ್ದಾಣದ ಕತೆ ಹೇಳಲೇಬೇಕು. ತಿಪಟೂರಿನವರು ಮದುವೆಗೆ ಹೊರಟರೆ ಬ್ಯಾಗಲ್ಲಿ ಏನಿರತ್ತೆ? ಕೊಬ್ಬರಿ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿ, ಚಿಪ್ಪಿನೊಳಗೆ ಲೊಡಲೊಡ ಅಂತ ಸದ್ದು ಮಾಡೋ ಕಾಯಿಂದ ತೆಗೆದ ಗುಂಡನೆ ಕೊಬ್ಬರಿ. ತಾಂಬೂಲಕ್ಕೆ ಅಂತ ಅಕ್ಕ ನೂರೈವತ್ತು ಆರಿಸಿ ಇಟ್ಟಿದ್ದಳು. ಸ್ಕ್ಯಾನಿಂಗ್ ಮಿಷಿನ್ನಿನವರು ಬ್ಯಾಗ್ ನಿಲ್ಲಿಸಿದರು. ಕೊಬ್ಬರಿ ಒಯ್ಯುವಂತಿಲ್ಲ, ಅದು ಬೆಂಕಿ ಹತ್ತುವ ವಸ್ತು. ಭಾವ ನಕ್ಕರು. ತಮಾಷೆ ಅಂದುಕೊಂಡರು. ತಮಾಷೆ ಅಲ್ಲ ಸ್ವಾಮಿ, ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಅಂತ ನಂಬರೇ ಇದೆ. ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳೋ ಸರಕು ಅಂತ ವರ್ಗ. ಮೂರು ತಲೆಮಾರಿನಿಂದ ಆ ಸರಕಿನ ಕೆಳಗೇ ಹಾಸಿಗೆ ಹಾಕಿಕೊಂಡು ಮಲಗಿರೋ ಮನುಷ್ಯ ಬಾಯಿ ಬಿಟ್ಟುಕೊಂಡು ನಿಂತರು. ಶಾಸ್ತ್ರಿಗಳ ಚೀಲದಿಂದ ಕರ್ಪೂರ ಹೋಯಿತು, ಬೆಂಕಿಪೊಟ್ಟಣ ಹೋಯಿತು. ಕೈಯಲ್ಲಿ ಹಿಡಿದಿದ್ದ ಹೋಮದ ತುಪ್ಪ ನೂರು ಎಂಎಲ್‌ಗಿಂತ ಜಾಸ್ತಿ ಅಂತ ಅದೂ ಹೋಯಿತು. ಕೊನೆಗೆ ಉಳಿದದ್ದು ದರ್ಭೆ. ಅದನ್ನೂ ಸ್ಕ್ಯಾನಿಂಗ್ ಮಿಷಿನ್ನಿನ ಹುಡುಗಿ ಎರಡು ಸಲ ಮೂಸಿ ನೋಡಿದಳು.

ರೆಸಾರ್ಟ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಾಗಿಲಲ್ಲೇ ಎಳನೀರು ಕೊಟ್ಟರು, ಚಿಕ್ಕ ಕಾಗದದ ಕೊಡೆ ಸಿಕ್ಕಿಸಿ. ಎರಡನೇ ಎಳನೀರು ಕೇಳಿದ್ದಕ್ಕೆ ಮುನ್ನೂರೈವತ್ತು ರೂಪಾಯಿ ಬಿಲ್ಲು. ತಾತ ಅವತ್ತಿನಿಂದ ನೀರನ್ನೂ ರೇಟು ಕೇಳಿ ಕುಡಿದರು.

ಚಪ್ಪರದ ಶಾಸ್ತ್ರಕ್ಕೆ ಹಾಲುಗಂಬ ನೆಡಬೇಕು. ನೆಲ ಅಗೆಯುವಂತಿಲ್ಲ ಅಂದರು. ಆಮೇಲೆ ಗಾಲಿ ಇರೋ ಒಂದು ಸ್ಟೀಲ್ ಸ್ಟ್ಯಾಂಡು ತಂದರು, ಗ್ಲೂಕೋಸ್ ಬಾಟಲಿ ನೇತು ಹಾಕ್ತಾರಲ್ಲ, ಆ ಥರದ್ದು. ಅದಕ್ಕೇ ಕಂಬ ಕಟ್ಟಿ ಹಾಲು ಎರೆದೆವು. ಗಾಳಿ ಬಂದಾಗಲೆಲ್ಲ ಹಾಲುಗಂಬ ತಾನೇ ನಾಲ್ಕು ಹೆಜ್ಜೆ ನಡೆಯುತ್ತಿತ್ತು. ಅಕ್ಕ ಮನೆಯಿಂದ ಒಂದು ಡಬ್ಬ ಚಕ್ಕುಲಿ ತಂದಿದ್ದಳು. ಹೊರಗಿನ ತಿಂಡಿಗೆ ಕಾರ್ಕೇಜ್ ಕಟ್ಟಬೇಕು ಅಂದರು. ಅದು ಬಾಟಲಿಗೆ ಹಾಕೋ ಚಾರ್ಜು ಅಲ್ವಾ ಅಂತ ನಾನು ಕೇಳಿದೆ. ಡಬ್ಬಕ್ಕೂ ಮುಚ್ಚಳ ಇದೆಯಲ್ಲ ಸಾರ್ ಅಂದರು.

ರಾತ್ರಿ ಸಂಗೀತ್. ಸಂಗೀತ ಅಲ್ಲ, ಸಂಗೀತ್. ತ-ಕ್ಕೆ ಅರ್ಧ ಅಕ್ಷರ ಕಡಿಮೆ, ಖರ್ಚು ಎರಡು ಲಕ್ಷ ಜಾಸ್ತಿ. ಬಯಲಲ್ಲಿ ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕುವಂತಿಲ್ಲ ಅಂತ 2000ನೇ ಇಸವಿಯಿಂದಲೂ ದೇಶಕ್ಕೆಲ್ಲ ನಿಯಮ ಇದೆ. ಹತ್ತಕ್ಕೆ ಸರಿಯಾಗಿ ಸದ್ದು ನಿಂತಿತು. ಇನ್ನು ಮಲಗಬಹುದು ಅಂತ ನಾವು ಎದ್ದೆವು. ಅಷ್ಟರಲ್ಲಿ ಎಲ್ಲರ ಕೈಗೂ ಒಂದೊಂದು ಹೆಡ್‌ಫೋನು ಬಂತು. ಸೈಲೆಂಟ್ ಡಿಸ್ಕೋ ಅಂತೆ. ಹಾಡು ಅವರವರ ಕಿವಿಯೊಳಗೆ ಮಾತ್ರ. ಹೊರಗಿನಿಂದ ನೋಡುವವರಿಗೆ ಎಂಬತ್ತು ಜನ ಕತ್ತಲಲ್ಲಿ, ಮರಳಿನ ಮೇಲೆ, ಒಂದು ಸದ್ದಿಲ್ಲದೆ ಕೈಕಾಲು ಒದರುತ್ತಿದ್ದಾರೆ. ಬಾತ್‌ರೂಮಿಗೆ ಎದ್ದ ತಾತ ಕಿಟಕಿಯಿಂದ ಅದನ್ನು ನೋಡಿಬಿಟ್ಟರು. ಬೆಳಿಗ್ಗೆ ಶಾಸ್ತ್ರಿಗಳ ಹತ್ತಿರ ಹೋಗಿ, "ಜಾಗ ಚೆನ್ನಾಗಿಲ್ಲ. ಒಬ್ಬರಿಗಲ್ಲ, ಎಲ್ಲರಿಗೂ ಮೆಟ್ಟಿಕೊಂಡಿದೆ. ಮುಹೂರ್ತಕ್ಕೆ ಮುಂಚೆ ಏನಾದ್ರೂ ಶಾಂತಿ ಮಾಡಿ" ಅಂದರು.

ಮುಹೂರ್ತ ಸಂಜೆ. ನಮ್ಮ ಕಡೆ ಬೆಳಗಿನ ಲಗ್ನ, ತಡವಾದರೆ ಅಭಿಜಿನ್ ಲಗ್ನ. ಆದರೆ ಫೋಟೋಗ್ರಾಫರ್‌ಗೆ ಸೂರ್ಯ ಮುಳುಗೋ ಬೆಳಕು ಬೇಕಂತೆ. ಶಾಸ್ತ್ರಿಗಳು ಪಂಚಾಂಗ ತಿರುವಿ ಗೋಧೂಳಿ ಲಗ್ನ ಹುಡುಕಿ ಕೊಟ್ಟರು. ಹಸುಗಳು ಮೇವು ಮುಗಿಸಿ ಮನೆಗೆ ಬರುವ ಹೊತ್ತು, ಬಹಳ ಶ್ರೇಷ್ಠ ಅಂದರು.

ಮಂಟಪಕ್ಕೆ ಹೂವಿಗಿಂತ ಒಣಹುಲ್ಲು ಜಾಸ್ತಿ ಇತ್ತು. ಪಂಪಾಸ್ ಗ್ರಾಸ್ ಅಂತ ಹೆಸರಂತೆ, ಒಂದು ಕಟ್ಟಿಗೆ ಎಷ್ಟು ಸಾವಿರ ಅಂತ ಭಾವ ಇವತ್ತಿಗೂ ಹೇಳ್ತಿಲ್ಲ. ನೋಡೋಕೆ ನಮ್ಮ ಕಡೆ ಹೂ ಬಿಟ್ಟ ಕಬ್ಬಿನ ಗರಿ. ನಾನು ಸೋದರಮಾವ. ಹುಡುಗಿಯನ್ನು ಮಂಟಪಕ್ಕೆ ಕರೆತರೋದು ನನ್ನ ಹಕ್ಕು. ನನ್ನ ಕೈಗೆ ಹೂವಿನ ಚಾದರದ ಒಂದು ಮೂಲೆ ಕೊಟ್ಟು, "ಅಂಕಲ್, ನಿಧಾನ, ಸ್ಲೋ ಮೋಷನ್‌ನಲ್ಲಿ ಬನ್ನಿ" ಅಂದರು. ವಿಡಿಯೋವನ್ನು ಹೇಗೂ ಸ್ಲೋ ಮಾಡ್ತಾರಂತೆ, ಆದರೂ ನಾವೂ ಸ್ಲೋ ಆಗಬೇಕು. ಗಾಳಿಗೆ ಹೋಮದ ಬೆಂಕಿ ಹತ್ತಲಿಲ್ಲ. ಅಕ್ಷತೆ ಎರಚಿದರೆ ಅದು ವಾಪಸ್ ನಮ್ಮ ಮುಖಕ್ಕೇ ಬಂತು, ನಮ್ಮ ಆಶೀರ್ವಾದ ನಮಗೇ.

ಪ್ರೈವೇಟ್ ಬೀಚ್ ಅಂತ ಬಿಲ್ಲಿನಲ್ಲಿತ್ತು. ಸಮುದ್ರದ ದಂಡೆ ಯಾರಪ್ಪನ ಸ್ವತ್ತೂ ಅಲ್ಲ ಅನ್ನೋದು ಗೊತ್ತಾಗಿದ್ದು ಧಾರೆ ಹೊತ್ತಿಗೆ. ಭಾವ, ಅಕ್ಕ ಮಗಳ ಕೈ ಹಿಡಿದು ಧಾರೆ ಎರೆಯುತ್ತಿದ್ದಾರೆ, ಹಿಂದೆ ಒಂದು ಚಡ್ಡಿ ಮಾತ್ರ ಹಾಕಿಕೊಂಡ ವಿದೇಶಿ ಅಜ್ಜ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಆಲ್ಬಮ್ಮಿನಲ್ಲಿ ನೋಡಿದರೆ ಕನ್ಯಾದಾನ ಮಾಡಲು ಅವನೂ ಕಾಯ್ತಿರೋ ಹಾಗಿದೆ.

ಅವನ ಹಿಂದೆಯೇ ಹಸುಗಳು ಬಂದವು. ಗೋವಾದ ಬೀಚಿನಲ್ಲಿ ಹಸು ತಿರುಗೋದು ಹೊಸದೇನಲ್ಲ, ಹೋದವರೆಲ್ಲ ನೋಡಿರ್ತಾರೆ. ಆರು ಹಸು, ಒಂದು ಕರು. ಗೋಧೂಳಿ ಲಗ್ನಕ್ಕೆ ಸರಿಯಾಗಿ. ಮೊದಲು ತೋರಣದ ಮಾವಿನೆಲೆ, ಆಮೇಲೆ ಬಾಳೆಕಂಬ, ಆಮೇಲೆ ಆ ಪಂಪಾಸ್. ಸೆಕ್ಯುರಿಟಿಯವರು ವಾಕಿಟಾಕಿಯಲ್ಲಿ ಕೂಗಾಡಿದರು. ಹಸು ಹೊಡೆಯೋಕೆ ಅವರಿಗೆ ಬರಲಿಲ್ಲ. ಐವರಿ ಬಣ್ಣದ ಜುಬ್ಬಾ ಹಾಕಿದ್ದ ನಮ್ಮ ಭಾವನೇ ಧಾರೆ ಚೆಂಬು ಶಾಸ್ತ್ರಿಗಳ ಕೈಗೆ ಕೊಟ್ಟು ಎದ್ದು, "ಹೋಯ್, ಹೋಯ್, ಹೊಚ್ಚ" ಅಂತ ಅಟ್ಟಿಕೊಂಡು ಹೋದರು. ಆ ಮೂರು ದಿನದಲ್ಲಿ ಅವರ ಮುಖದಲ್ಲಿ ಕಳೆ ನೋಡಿದ್ದು ಆಗಲೇ. ಕರುವಿನ ಬೆನ್ನು ಕೂಡ ಸವರಿದರು.

ಅರುಂಧತಿ ನಕ್ಷತ್ರ ತೋರಿಸೋದು ಒಂದು ಉಳಿದಿತ್ತು. ನಮ್ಮ ಶಾಸ್ತ್ರಿಗಳು ನಲವತ್ತು ವರ್ಷದಿಂದ ಮಟಮಟ ಮಧ್ಯಾಹ್ನ ಅರುಂಧತಿ ತೋರಿಸಿ ಅಭ್ಯಾಸ ಇರುವವರು. ಮಧ್ಯಾಹ್ನ ಯಾರೂ ಎದುರು ಪ್ರಶ್ನೆ ಕೇಳಲ್ಲ. ಇವತ್ತು ನಿಜವಾದ ಆಕಾಶ, ನಿಜವಾದ ನಕ್ಷತ್ರ. ಆದರೆ ಫೆಬ್ರವರಿ ಸಂಜೆ ಏಳಕ್ಕೆ ಅರುಂಧತಿ ಇನ್ನೂ ಎದ್ದೇ ಇರಲ್ಲ. ಶಾಸ್ತ್ರಿಗಳು ಒಂದು ಸುತ್ತು ತಿರುಗಿ ನೋಡಿದರು. ಮೇಲೆ ಕೆಂಪು, ಹಸಿರು ಮಿಣುಕಿಸುತ್ತಾ ಏನೋ ನಿಂತಿತ್ತು. "ಅಗೋ ನೋಡಮ್ಮ, ಅರುಂಧತಿ" ಅಂದರು. ವಧೂವರರು ಕೈಮುಗಿದರು. ಡ್ರೋನು ಇನ್ನಷ್ಟು ಹತ್ತಿರ ಬಂತು.

ಊರಿಗೆ ಬಂದ ಮೇಲೆ ಮುಯ್ಯಿ ಪುಸ್ತಕ ಸುಮ್ನೆ ಇರತ್ತಾ? ಸಾವಿರ ಮನೆಗೆ ಉತ್ತರ ಕೊಡಬೇಕಲ್ಲ. ತಿಪಟೂರಿನ ದೊಡ್ಡ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ ಇಟ್ಟರು. ಎರಡು ಸಾವಿರ ಎಲೆ. ಮೈಕು, ನೂಕುನುಗ್ಗಲು ಎಲ್ಲ ಸೇರಿ. ಚಿಕ್ಕದಾಗಿ ಮಾಡಿದ ಮದುವೆಗೆ ಹೀಗೆ ದೊಡ್ಡ ಬಾಲ ಬಂತು. ಸ್ಟೇಜ್ ನೋಡಿ ನಾನು ಒಂದು ನಿಮಿಷ ಅಲ್ಲೇ ನಿಂತುಬಿಟ್ಟೆ. ಬೀಚ್ ಥೀಮ್. ಲಾರಿಯಲ್ಲಿ ತಂದು ಸುರಿದ ಮರಳು, ಹಿಂದೆ ನೀಲಿ ಬಟ್ಟೆಯ ಸಮುದ್ರ, ಎರಡೂ ಕಡೆ ಬೆಂಗಳೂರಿನಿಂದ ಬಾಡಿಗೆಗೆ ತರಿಸಿದ ಪ್ಲಾಸ್ಟಿಕ್ ತೆಂಗಿನ ಮರ. ಮಂಟಪದ ಕಿಟಕಿಯಾಚೆ ಕಣ್ಣು ಹಾಯೋ ತನಕ ನಿಜವಾದ ತೋಟ.

ತಾತ ಕೋಲೂರಿಕೊಂಡು ಸ್ಟೇಜ್ ಹತ್ತಿದರು. ಬೆರಳು ಮಡಚಿ ಒಂದು ಮರದ ಬುಡ ತಟ್ಟಿದರು. ಟೊಳ್ಳು ಸದ್ದು.

"ಇದಕ್ಕೆ ಬಾಡಿಗೆ ಎಷ್ಟು?"

"ಒಂದು ಮರಕ್ಕೆ ದಿನಕ್ಕೆ ಎಂಟುನೂರು ತಾತ" ಅಂದ ಡೆಕೋರೇಷನ್ ಹುಡುಗ.

"ನೀರು?"

"ಬೇಡ ತಾತ."

"ಗೊಬ್ಬರ? ನುಸಿ ಹತ್ತಲ್ವಾ?"

"ಪ್ಲಾಸ್ಟಿಕ್ ತಾತ ಇದು."

ತಾತ ಸ್ವಲ್ಪ ಹೊತ್ತು ಮನಸ್ಸಲ್ಲೇ ಲೆಕ್ಕ ಹಾಕಿದರು. ಆಮೇಲೆ ಕೆಳಗೆ ನೆಂಟರ ಮಧ್ಯೆ ನಿಂತಿದ್ದ ಭಾವನನ್ನು ಕರೆದು, "ಲೋ, ಈ ಮಳೆಗಾಲಕ್ಕೆ ಕೆರೆ ಕಡೆ ತೋಟಕ್ಕೆ ಇದೇ ಸಸಿ ಹಾಕ್ಸು" ಅಂದರು.