ನೀರಿನ ಫೋರ್ಸ್ ಹೇಗಿದೆ?

ಪ್ಯಾಂಟು ಇನ್ನೂ ಒಣಗಿಲ್ಲ. ನಿನ್ನೆ ರಾತ್ರಿ ಹತ್ತೂಕಾಲಿಂದ ಹನ್ನೊಂದೂವರೆವರೆಗೆ ಒಂದು ಖಾಲಿ ಮನೆಯ ನೀರು ಬಳಿದಿದ್ದೇನೆ. ಮನೆ ನನ್ನದಲ್ಲ, ನೀರು ನನ್ನದಲ್ಲ, ನಲ್ಲಿ ತಿರುಗಿಸಿದ ಕೈಯೂ ನನ್ನದಲ್ಲ. ಆದರೆ ಬ್ರೋಕರ್ ನಾನು.

ರಿಯಲ್ ಎಸ್ಟೇಟ್ ಅಂದ ತಕ್ಷಣ ಜನರ ಕಣ್ಣಿಗೆ ಬಿಳಿ ಅಂಗಿ, ಬಂಗಾರದ ಚೈನು, ದೇವನಹಳ್ಳಿ ಕಡೆ ಹತ್ತು ಎಕರೆ ಕಾಣುತ್ತದೆ. ನನ್ನದು ಬನಶಂಕರಿ ಮೂರನೇ ಹಂತ, ಕತ್ರಿಗುಪ್ಪೆ, ಹೊಸಕೆರೆಹಳ್ಳಿ ಸುತ್ತಮುತ್ತ ಬಾಡಿಗೆ, ಭೋಗ್ಯದ ಮನೆಗಳು. ಒಂದು ಹಳೇ ಸ್ಕೂಟರು, ಅದರ ಸೀಟಿನ ಕೆಳಗೆ ಯಾವುದು ಯಾವ ಮನೆಯದೆಂದು ನನಗೆ ಮಾತ್ರ ಗೊತ್ತಿರುವ (ಕೆಲವು ಸಲ ನನಗೂ ಗೊತ್ತಿಲ್ಲದ) ಕೀಗಳ ಗೊಂಚಲು. ಕಮಿಷನ್ ಒಂದು ತಿಂಗಳ ಬಾಡಿಗೆ. ಅದೂ ಕೈಗೆ ಬರುವಾಗ "ಏನ್ ಮಾಡಿದ್ರಿ ಸಾರ್ ನೀವು, ಬಾಗಿಲು ತೆಗೆದ್ರಿ ಅಷ್ಟೇ ತಾನೆ" ಅನ್ನೋ ಮಾತಿನ ಜೊತೆ ಅರ್ಧ ಆಗಿರುತ್ತದೆ. ಆಷಾಢದಲ್ಲಿ ಆ ಅರ್ಧವೂ ಇಲ್ಲ. ಆ ತಿಂಗಳು ಯಾರೂ ಹಾಲು ಉಕ್ಕಿಸಲ್ಲ, ನಮ್ಮ ಮನೆಯಲ್ಲೂ ಲೆಕ್ಕ ಹಾಕಿಯೇ ಹಾಲು ಕಾಯಿಸುತ್ತೇವೆ.

ನಾವು ಕಸ್ಟಮರ್ ಹೆಸರು ಹೇಗೆ ಸೇವ್ ಮಾಡುತ್ತೇವೆ ಅಂತ ಅವರಿಗೆ ಗೊತ್ತಾದರೆ ಒಬ್ಬರೂ ಫೋನ್ ಎತ್ತಲಿಕ್ಕಿಲ್ಲ. ನನ್ನ ಫೋನಿನಲ್ಲಿ "ನಾಯಿ ಇದೆ 18 ಸಾವಿರ" ಇದ್ದಾರೆ. "ಈಸ್ಟ್ ಫೇಸಿಂಗ್ ಮೇಡಂ" ಇದ್ದಾರೆ. "ಹೆಂಡತಿ ಒಪ್ಪಲ್ಲ 1", "ಹೆಂಡತಿ ಒಪ್ಪಲ್ಲ 2" ಇದ್ದಾರೆ. ನಿನ್ನೆಯ ಕಥಾನಾಯಕರ ಹೆಸರು "ನಲ್ಲಿ ಸಾರ್".

ನಲ್ಲಿ ಸಾರ್‌ಗೆ ಎರಡು ತಿಂಗಳಿಂದ ಮನೆ ತೋರಿಸುತ್ತಿದ್ದೇನೆ. ಒಟ್ಟು ಹದಿನಾಲ್ಕು. ಬೇರೆಯವರು ಮನೆ ನೋಡುವಾಗ ಹಾಲ್ ನೋಡುತ್ತಾರೆ, ಕಿಟಕಿ ತೆಗೆಯುತ್ತಾರೆ, ಮಂಚ ಎಲ್ಲಿ ಹಾಕೋದು ಅಂತ ಕೈ ಚಾಚಿ ಅಳೆಯುತ್ತಾರೆ. ಇವರು ಚಪ್ಪಲಿ ಬಿಟ್ಟವರೇ ಸೀದಾ ಬಾತ್‌ರೂಮಿಗೆ. ಹೆಗಲಲ್ಲಿ ಒಂದು ಬಟ್ಟೆ ಚೀಲ. ಅದರೊಳಗಿಂದ ಒಂದು ನೀಲಿ ಪ್ಲಾಸ್ಟಿಕ್ ಮಗ್ ಹೊರಗೆ ಬರುತ್ತದೆ. ಸುಮ್ನೆ ಮಗ್ ಅಲ್ಲ, ಸರಿಯಾಗಿ ಒಂದು ಲೀಟರ್ ಹಿಡಿಯುವ ಮಗ್, ಮನೆಯಲ್ಲಿ ಹಾಲಿನ ಪ್ಯಾಕೆಟ್ ಸುರಿದು ಖಾತ್ರಿ ಮಾಡಿಕೊಂಡಿದ್ದಾರಂತೆ. ಅದನ್ನು ನಲ್ಲಿಯ ಕೆಳಗೆ ಹಿಡಿದು, ಎಡಗೈ ವಾಚು ನೋಡುತ್ತಾ, ತುಟಿ ಅಲ್ಲಾಡಿಸದೆ ಎಣಿಸುತ್ತಾರೆ. ಆಗ ಯಾರೂ ಮಾತಾಡುವ ಹಾಗಿಲ್ಲ. ಏಳು ಸೆಕೆಂಡಿಗೆ ತುಂಬಿದರೆ "ಹ್ಞೂಂ". ಹತ್ತು ದಾಟಿದರೆ ನನ್ನ ಮುಖ ನೋಡುತ್ತಾರೆ, ನಾನೇ ಪೈಪಿನೊಳಗೆ ಕೂತು ಕುಡಿದೆನೇನೋ ಅನ್ನೋ ಹಾಗೆ.

ಅಷ್ಟಕ್ಕೇ ಮುಗಿಯಲ್ಲ. ಚೀಲದಿಂದ ಸೋಪಿನ ಡಬ್ಬಿ ಬರುತ್ತದೆ. ಆ ನೀರಲ್ಲಿ ಕೈಗೆ ಸೋಪು ಉಜ್ಜಿ ನೊರೆ ನೋಡುತ್ತಾರೆ. ನೊರೆ ಎದ್ದರೆ ಕಾವೇರಿ, ಏಳದಿದ್ದರೆ ಬೋರ್‌ವೆಲ್. "ಕಾವೇರಿ ಅಂತ ಹೇಳಿದ್ರಲ್ಲ?" "ಕಾವೇರಿನೂ ಇದೆ ಸಾರ್, ಮಿಕ್ಸ್ ಬರತ್ತೆ." "ಮಿಕ್ಸ್ ಅಂದ್ರೆ ಎಷ್ಟಕ್ಕೆಷ್ಟು?" ಹದಿನಾಲ್ಕು ಬಾತ್‌ರೂಮುಗಳಲ್ಲಿ ಈ ಪ್ರಶ್ನೆ ಕೇಳಿಸಿಕೊಂಡಿದ್ದೇನೆ. ಅಷ್ಟು ಹೊತ್ತು ಅವರ ಮನೆಯವರು ಹಾಲ್‌ನಲ್ಲಿ ಒಬ್ಬರೇ ನಿಂತು, ಟಿವಿ ಎಲ್ಲಿ ಇಡಬಹುದು ಅಂತ ಗೋಡೆ ನೋಡುತ್ತಿರುತ್ತಾರೆ. ಅವರನ್ನು ಯಾರೂ ಏನೂ ಕೇಳಲ್ಲ.

ಸಾರ್ ಕಡೆಯೂ ನ್ಯಾಯ ಇಲ್ಲದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ಗಳು ಸಾಲಾಗಿ ಕೈಕೊಟ್ಟು, ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಗಿ ಬಂತಲ್ಲ, ಆಗ ಇವರಿದ್ದ ಮನೆಯಲ್ಲಿ ನಲವತ್ತು ದಿನ ನೀರಿರಲಿಲ್ಲವಂತೆ. ಮೂರನೇ ಮಹಡಿಗೆ ಬಕೆಟ್ ಹೊತ್ತಿದ್ದಾರೆ. ಸೊಂಟ ಹಿಡಿದುಕೊಂಡದ್ದು ಇನ್ನೂ ಬಿಟ್ಟಿಲ್ಲವಂತೆ. ಇದನ್ನೂ ಹದಿನಾಲ್ಕು ಸಲ ಕೇಳಿದ್ದೇನೆ.

ಸರಿ, ನಿನ್ನೆ ಭಾನುವಾರ. ನಾಲ್ಕು ಗಂಟೆಗೆ ಬನ್ನಿ ಅಂದಿದ್ದೆ. ಸಾರ್ ಹೊರಟಾಗ ನಾಲ್ಕೂವರೆ ಆಗಿಬಿಟ್ಟಿತ್ತು. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ, ಮೇಡಂ ಗೇಟು ದಾಟಲ್ಲ. (ವಾರವಿಡೀ ದುಡಿಯುವ ಜನಕ್ಕೆ ಮನೆ ನೋಡಲು ಬಿಡುವಿರುವುದು ಭಾನುವಾರ ಸಂಜೆ ಮಾತ್ರ. ರಾಹುವಿಗೂ ಅದೇ ಟೈಮು ಬೇಕಾ?) ಬಂದಾಗ ಆರೂಮುಕ್ಕಾಲು, ಕತ್ತಲು. ಖಾಲಿ ಮನೆ ಅಂತ ಓನರ್ ಅಮ್ಮ ಮೇನ್ ಸ್ವಿಚ್ ಆಫ್ ಮಾಡಿ ದೇವಸ್ಥಾನಕ್ಕೆ ಹೋಗಿದ್ದರು. ಫೋನಿನ ಟಾರ್ಚ್ ಹಿಡಿದು ಮೊದಲನೇ ಮಹಡಿ ಹತ್ತಿದೆವು.

ಸಾರ್ ಬಾತ್‌ರೂಮಿನ ನಲ್ಲಿ ತಿರುಗಿಸಿದರು. ನೀರಿಲ್ಲ. ಇನ್ನೊಂದು. ಇಲ್ಲ. ಅಡುಗೆಮನೆ, ಇಲ್ಲ. ಯುಟಿಲಿಟಿಯಲ್ಲಿ ವಾಷಿಂಗ್ ಮಷೀನಿನ ನಲ್ಲಿ, ಅದರಲ್ಲೂ ಇಲ್ಲ. ಖಾಲಿ ಮನೆಯಲ್ಲವಾ, ಮೇಲಿನ ಸಿಂಟೆಕ್ಸ್ ಖಾಲಿ ಬಿಟ್ಟಿದ್ದರು. "ನೀರೇ ಬರದ ಮನೆ ತೋರ್ಸೋಕೆ ಜಯನಗರದಿಂದ ಕರೆಸಿದ್ರಾ?" ಅಂತ ಮಗ್ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ನನಗೆ ಅವಮಾನ. ತಕ್ಷಣ ಓನರ್ ಅಮ್ಮನಿಗೆ ಫೋನ್ ಮಾಡಿ, "ಅಮ್ಮಾ, ಇವತ್ತು ರಾತ್ರಿ ಮೇಲಿನ ಟ್ಯಾಂಕ್ ತುಂಬಿಸಿಬಿಡಿ, ಪಾರ್ಟಿಗೆ ಫೋರ್ಸ್ ತೋರಿಸಬೇಕು" ಅಂದೆ.

ನೀರಿಲ್ಲದಾಗ ಬಿಟ್ಟ ನಲ್ಲಿಯೂ ಮುಚ್ಚಿದ ನಲ್ಲಿಯೂ ಒಂದೇ ಥರ ಇರುತ್ತವೆ. ಅದರಲ್ಲೂ ಟಾರ್ಚ್ ಬೆಳಕಿನಲ್ಲಿ.

ಕಾವೇರಿ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪೈಪಿನಲ್ಲಿ ಗುಡ್ಡ ಹತ್ತಿ ಬರುತ್ತಾಳೆ. ಬೇರೆ ದಿನ ಕಾಯಿಸಿ ಕಾಯಿಸಿ ಸಾಯಿಸುವವಳು ನಿನ್ನೆ ಮಾತ್ರ ಒಂಬತ್ತಕ್ಕೆ ಸರಿಯಾಗಿ ನೆಲದಡಿಯ ಸಂಪ್‌ಗೆ ಬಂದಿದ್ದಾಳೆ. ಅಮ್ಮ ಮೋಟಾರ್ ಹಾಕಿ ಧಾರಾವಾಹಿ ನೋಡುತ್ತಾ ಕೂತಿದ್ದಾರೆ. ಬಾತ್‌ರೂಮಿನ ನೀರು, ಸಿಂಕಿನ ನೀರು ಹರಿದು ಹೋಯಿತು. ಯುಟಿಲಿಟಿಯ ಜಾಲರಿಗೆ ಮಾತ್ರ ಪೇಂಟರ್ ಕಸ ಹೋಗದಿರಲೆಂದು ಪೇಪರ್ ತುರುಕಿದ್ದ. ಹತ್ತು ಗಂಟೆಗೆ ಫೋನು. "ಏನಪ್ಪಾ, ಮಲಗಿದ್ದೀಯಾ? ನಮ್ಮ ಮೆಟ್ಟಿಲ ಮೇಲೆ ಕಾವೇರಿ ಇಳೀತಾ ಇದಾಳೆ, ದರ್ಶನಕ್ಕೆ ಬರ್ತೀಯಾ?"

ಹೋದೆ. ಅವರು ಕೆಳಗಿಂದ ಹಳೇ ಪಂಚೆ, ಎರಡು ಬಕೆಟ್ ಕೊಟ್ಟರು. ಎಪ್ಪತ್ತರ ಹೆಂಗಸಿನ ಕೈಲಿ ನೀರು ಬಳಿಸೋಕಾಗತ್ತಾ? ಮಾತು ಮಾತ್ರ ಅವರ ಕಡೆಯಿಂದ ಧಾರಾಳವಾಗಿ ಬರುತ್ತಿತ್ತು. ಹಾಲ್, ರೂಮು ಮುಗಿಸಿ ಅಡುಗೆಮನೆಗೆ ಬರುವಷ್ಟರಲ್ಲಿ ಸೊಂಟ ಹೋಯಿತು. ನೆಲದಲ್ಲಿ ಕೂತು, ಕಟ್ಟೆಯ ಕೆಳಗಿನ ಕಪಾಟಿನೊಳಗೂ ನೀರು ಹೊಕ್ಕಿದೆಯಾ ಅಂತ ಬಾಗಿಲು ತೆಗೆದೆ.

ಬಾಗಿಲ ಒಳಮೈಯಲ್ಲಿ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ. ಪೇಂಟರ್ ಅಷ್ಟು ಒಳಗೆ ಬ್ರಷ್ ಆಡಿಸಿರಲಿಲ್ಲ. ಅರ್ಧ, ಅರ್ಧ, ಅರ್ಧ, ಊರು, ಊರು, ಅರ್ಧ. ಪಕ್ಕದ ಸಾಲಿನಲ್ಲಿ ಒಂದು, ಒಂದು, ಅಮ್ಮ ಬಂದರು ಒಂದೂವರೆ. ಒಂದು ಕಡೆ ಐದು ಅಂತ ಬರೆದು ಪಕ್ಕದಲ್ಲಿ "ನಾಮಕರಣ". ಈ ಜೋಡಿಯನ್ನು ಇಲ್ಲಿಗೆ ಕರೆತಂದವನು ನಾನೇ. ಅಡ್ವಾನ್ಸ್‌ನಲ್ಲಿ ಹತ್ತು ಸಾವಿರ ಕಡಿಮೆ ಮಾಡಿಸಿದ್ದೆ. ವರ್ಷ ದಾಟಿದರೆ ರಿಜಿಸ್ಟರ್ ಮಾಡಿಸಬೇಕಾಗುತ್ತದೆ ಅಂತ ಎಲ್ಲರ ಹಾಗೆ ಇವರೂ 11 ತಿಂಗಳಿಗೆ ಅಗ್ರಿಮೆಂಟ್ ಹಾಕಿದರು, ಮತ್ತೆ ಮತ್ತೆ ಹಾಕಿಸಿ ಏಳು ವರ್ಷ ಇದ್ದರು. ಖಾಲಿ ಮಾಡಿದ್ದು ನನಗೆ ಗೊತ್ತಾದದ್ದು ಗೇಟಿನ ಟು-ಲೆಟ್ ಬೋರ್ಡ್ ನೋಡಿ. ಮಗುವಿನ ಹೆಸರೇನು ಅಂತಲೂ ಕೇಳಿಲ್ಲ. ಕೊನೆಯ ಸಾಲು ಹನ್ನೆರಡನೇ ತಾರೀಕಿಗೆ ನಿಂತಿತ್ತು.

"ಏನಪ್ಪಾ, ಅಲ್ಲೇ ನಿದ್ದೆ ಹೋದ್ಯಾ?" ಅಂತ ಕೆಳಗಿಂದ ಅಮ್ಮ. ಎದ್ದು ಮತ್ತೆ ಪಂಚೆ ಹಿಂಡಿದೆ.

ಬೆಳಿಗ್ಗೆ ಎದ್ದವನೇ ನಲ್ಲಿ ಸಾರ್‌ಗೆ ಫೋನ್ ಮಾಡಿದೆ. ರಾತ್ರಿಯಿಡೀ ಮನಸ್ಸಿನಲ್ಲಿ ತಿದ್ದಿ ತೀಡಿದ ಡೈಲಾಗುಗಳಿದ್ದವು. ಒಂದೂ ಹೇಳಲಿಲ್ಲ, ಹದಿನಾಲ್ಕು ಮನೆ ತೋರಿಸಿದ ಪೆಟ್ರೋಲ್ ಇನ್ನೂ ವಸೂಲಾಗಬೇಕಲ್ಲ. ಆದದ್ದನ್ನಷ್ಟೇ ಹೇಳಿದೆ. ಸಾರ್ ಪೂರ್ತಿ ಕೇಳಿದರು. ಸ್ವಲ್ಪ ಹೊತ್ತು ಸದ್ದಿಲ್ಲ. ಕ್ಷಮೆ ಕೇಳುತ್ತಾರೆ ಅಂದುಕೊಂಡೆ.

"ಮೆಟ್ಟಿಲವರೆಗೂ ಬಂತಾ? ಹಾಗಾದ್ರೆ ಫೋರ್ಸ್ ಚೆನ್ನಾಗೇ ಇದೆ."

"..."

"ನೊರೆ ಬಂತಾ?"

ಮುಂದಿನ ಭಾನುವಾರ ರಾಹುಕಾಲಕ್ಕೆ ಮುಂಚೆ ಬರುತ್ತಾರಂತೆ, ಮಗ್ ಸಮೇತ. ಗೇಟ್‌ವಾಲ್ವ್ ಮುಚ್ಚಿಟ್ಟರೆ ನೀರಿಲ್ಲ ಅಂತ ಮತ್ತೆ ಹೊರಡುತ್ತಾರೆ, ತೆರೆದಿಟ್ಟರೆ ನಾನು ಹಿಂದೆಯೇ ಹೋಗಿ ಒಂದೊಂದೇ ನಲ್ಲಿ ತಿರುಗಿಸಿ ನೋಡಬೇಕು. ಓನರ್ ಅಮ್ಮನಿಗೆ ವಿಷಯ ಹೇಳಿದೆ. ಪಂಚೆ ಒಗೆದು ಇಟ್ಟಿದ್ದಾರಂತೆ.